ಓದುಗರ ಪ್ರಶ್ನೆ: ಹದಿಮೂರಕ್ಕೇ ಹೆಗಲೇರುವ ಹೊಣೆ

ಪ್ರಶ್ನೆ: ನನ್ನ ಮಗನ ಸಂಸಾರ ಅಮೆರಿಕದ ನ್ಯೂಜೆರ್ಸಿಯಲ್ಲಿದೆ. ಮೊಮ್ಮಗಳ ಯಹೂದಿ ಗೆಳತಿಯೊಬ್ಬಳು ಹದಿನಾರನೇ ವಯಸ್ಸಿಗೇ ತನ್ನ ಊರಿನ ಯುವಸಂಘದ ಅಧ್ಯಕ್ಷೆಯಾಗಿ ಚುನಾಯಿತಳಾಗಿದ್ದಾಳೆ. ಆದರೆ ಅವಳಿಗೆ ಈಗೀಗ ಶಾಲೆಗೆ ಹೋಗುವುದೇ ಬೇಡವಾಗಿದೆಯಂತೆ. ಇಷ್ಟು ಚಿಕ್ಕವರಿಗೆ ಇಂಥ ಹೊಣೆ ಏಕೆ? ಈ ಬೇಸರವಾದರೂ ಏಕೆ?
— ಓರ್ವ ಓದುಗರು, ಶಿವಮೊಗ್ಗ

ಉತ್ತರ: ಯಹೂದಿ ಸಂಪ್ರದಾಯದಲ್ಲಿ ಹುಡುಗ ಹದಿಮೂರಕ್ಕೆ, ಹುಡುಗಿ ಹನ್ನೆರಡಕ್ಕೆ ಧರ್ಮದ ಕಟ್ಟಳೆಗಳಿಗೆ ತಾನೇ ಬಾಧ್ಯಸ್ಥರಾಗುತ್ತಾರೆ. ಆ ಸಂದರ್ಭದಲ್ಲಿ ಮಗು ಸಿನಗಾಗಿನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಎಲ್ಲರೆದುರು ನಿಂತು ಧರ್ಮಗ್ರಂಥವಾದ ತೋರಾದ ಸುರುಳಿಯಿಂದ ಓದುವುದು ವಾಡಿಕೆ. ಆ ಸುರುಳಿಯಲ್ಲಿ ಸ್ವರಚಿಹ್ನೆಗಳಿರುವುದಿಲ್ಲ, ರಾಗದ ಗುರುತುಗಳೂ ಇರುವುದಿಲ್ಲ. ಕಾಗುಣಿತವನ್ನೆಲ್ಲ ಅಳಿಸಿದ ಕನ್ನಡ ಪುಟವೊಂದನ್ನು ತಪ್ಪಿಲ್ಲದೆ ಹಾಡಬೇಕಾದರೆ ಎಷ್ಟು ತಿಂಗಳ ಅಭ್ಯಾಸ ಬೇಕಾದೀತೆಂದು ಊಹಿಸಿಕೊಳ್ಳಿ. ಚರ್ಮದ ಹಾಳೆಗೆ ಕೈ ತಾಗಬಾರದೆಂದು, ತುದಿಯಲ್ಲಿ ಪುಟ್ಟ ತೋರುಬೆರಳಿರುವ ಬೆಳ್ಳಿಯ ಕಡ್ಡಿಯನ್ನು ಸಾಲಿನ ಮೇಲೆ ಸರಿಸುತ್ತಾ ಓದುತ್ತಾರೆ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕರು ಕೂಡಲೇಬೇಕು. ಅಂದಿನಿಂದ ಆ ಹುಡುಗನೂ ಅವರಲ್ಲೊಬ್ಬ. ಉದಾರಪಂಥದ ಸಿನಗಾಗುಗಳಲ್ಲಿ ಹುಡುಗಿಯೂ ಲೆಕ್ಕಕ್ಕೆ ಬರುತ್ತಾಳೆ.

ಯುವಸಂಘಗಳು ಬೆಳೆದದ್ದು ಚಿಕ್ಕಂದಿನಲ್ಲೇ ಹೊಣೆ ಕೊಡುವ ಈ ಸಂಪ್ರದಾಯದ ನೆಲದಲ್ಲೇ. ಶಾಲೆಯ ಹುಡುಗರ ಕೂಟಗಳು ಯಹೂದಿಗಳನ್ನು ಸೇರಿಸಿಕೊಳ್ಳದಿದ್ದ ಕಾಲದಲ್ಲಿ, ನೆಬ್ರಾಸ್ಕಾದ ಒಮಾಹಾ ಪಟ್ಟಣದಲ್ಲಿ 1924ರಲ್ಲಿ ‘ಆಲೆಫ್ ಜಾಡಿಕ್ ಆಲೆಫ್’ ರೂಪುಗೊಂಡಿತು. 1944ರಲ್ಲಿ ಹುಡುಗಿಯರ ಸಂಘ ಬಂತು. ಇಂದು ಇವೆರಡೂ ಬಿಬಿವೈಒ ಎಂಬ ಒಂದೇ ಸಂಸ್ಥೆಯ ಅಂಗಗಳು. ಇಲ್ಲಿ ಚುನಾವಣೆ ನಿಜವಾದದ್ದು: ಮತ ಹಾಕುವವರೂ ಗೆಲ್ಲುವವರೂ ಹದಿಹರೆಯದವರೇ, ಕಾರ್ಯಕ್ರಮ ರೂಪಿಸುವವರೂ ಅವರೇ, ದೊಡ್ಡವರು ಸಲಹೆಗಾರರಾಗಿ ಜೊತೆಗಿರುತ್ತಾರೆ. ಬ್ನೇ ಅಕಿವಾದಂಥ ಇತರ ಸಂಘಟನೆಗಳಲ್ಲಿ ಕಿರಿಯ ಮಕ್ಕಳ ಗುಂಪನ್ನು ನೋಡಿಕೊಳ್ಳುವ ಹಿರಿಯ ಹುಡುಗನನ್ನು ‘ಮದ್ರಿಖ್’ ಎನ್ನುತ್ತಾರೆ. ಹೀಬ್ರೂವಿನಲ್ಲಿ ‘ದೆರೆಖ್’ ಎಂದರೆ ದಾರಿ; ಮದ್ರಿಖ್ ಎಂದರೆ ದಾರಿ ತೋರುವವನು. ನಮ್ಮ ಶಾಲೆಗಳ ವಿದ್ಯಾರ್ಥಿ ಸಂಘಗಳಲ್ಲಿ ಹೆಸರಿಗಷ್ಟೇ ಇರುವ ಕಾರ್ಯದರ್ಶಿಗಳನ್ನು ಕಂಡಿರುವ ನನಗೆ ಈ ನಂಬಿಕೆ ಬಹಳ ದೊಡ್ಡದೆನಿಸುತ್ತದೆ.

ಇನ್ನು ಬೇಸರದ ಮಾತು. ಆ ಹುಡುಗಿಯ ಮನಸ್ಸಿನಲ್ಲೇನಿದೆಯೋ ನಾನು ಹೇಳಲಾರೆ. ಅವಳ ಓರಗೆಯವರ ಪರಿಸ್ಥಿತಿಯನ್ನು ಮಾತ್ರ ಹೇಳಬಲ್ಲೆ. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗಿನ ಸಿನಗಾಗಿನಲ್ಲಿ ವಾರದ ವಿಶ್ರಾಂತಿ ದಿನವಾದ ಶಬ್ಬತ್ತಿನ ಪ್ರಾರ್ಥನೆಗೆ ಬಂದಿದ್ದ ಹನ್ನೊಂದು ಮಂದಿಯನ್ನು ಗುಂಡಿಕ್ಕಿ ಕೊಲ್ಲಲಾಯಿತು. ಸಿನಗಾಗಿನ ಬಾಗಿಲಲ್ಲಿ ಕಾವಲುಗಾರರನ್ನು ಕಾಣುತ್ತಲೇ ಈ ಪೀಳಿಗೆ ಬೆಳೆದಿದೆ. 2023ರ ಅಕ್ಟೋಬರ್ 7ರ ಹಮಾಸ್ ದಾಳಿ ಮತ್ತು ಗಾಜಾದ ಯುದ್ಧದ ನಂತರ ಇನ್ನೊಂದು ಭಾರ ಕೂಡಿಕೊಂಡಿದೆ: ಸಹಪಾಠಿಗಳು ಇಸ್ರೇಲ್ ಸರ್ಕಾರದ ಪ್ರತಿಯೊಂದು ನಡೆಗೂ ಇವರಿಂದಲೇ ಉತ್ತರ ಕೇಳುತ್ತಾರೆ. ಮನೆಯಲ್ಲಿ ಅಜ್ಜಿಯ ನಿಲುವು ಒಂದು, ತಂದೆಯದು ಇನ್ನೊಂದು, ಸಂಘದ ಸದಸ್ಯರಲ್ಲೇ ಹತ್ತು ಬಗೆ. ಸಂಘದ ಅಧ್ಯಕ್ಷೆಯಾದ ಮಾತ್ರಕ್ಕೆ ಹದಿನಾರರ ಹುಡುಗಿ ಇಡೀ ಜನಾಂಗದ ವಕೀಲಳಾಗಬೇಕೆಂದು ಯಾರೂ ಬಯಸಬಾರದು. ‘ನನಗೂ ಇದು ಅರ್ಥವಾಗಿಲ್ಲ, ಯೋಚಿಸುತ್ತಿದ್ದೇನೆ’ ಎನ್ನಲು ಅವಳಿಗೆ ಅವಕಾಶ ಬೇಕು. ಅದನ್ನು ಮೊದಲು ಕೊಡಬೇಕಾದವರು ಅವಳ ಹಿರಿಯರು, ಆಮೇಲೆ ಗೆಳತಿಯರು. ನಿಮ್ಮ ಮೊಮ್ಮಗಳಿಗೆ ಹೇಳಿ: ಯುದ್ಧದ ಬಗ್ಗೆ ಕೇಳುವ ಮುನ್ನ ‘ಊಟವಾಯಿತೇ, ನಿದ್ದೆ ಬಂತೇ’ ಎಂದು ಕೇಳಲಿ.

ಪ್ರಶ್ನೆ: ಶನಿವಾರದ ಕಟ್ಟುಪಾಡಿನಿಂದ ಈ ಮಕ್ಕಳಿಗೆ ಕ್ರೀಡೆ, ಸ್ಪರ್ಧೆಗಳು ತಪ್ಪಿಹೋಗುವುದಿಲ್ಲವೇ?
— ದೈಹಿಕ ಶಿಕ್ಷಣ ಶಿಕ್ಷಕರು, ದಾವಣಗೆರೆ

ಉತ್ತರ: ಸಂಪ್ರದಾಯಸ್ಥರ ಮಕ್ಕಳಿಗೆ ತಪ್ಪುತ್ತದೆ. ಶಬ್ಬತ್ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರ ಮೂಡುವವರೆಗೆ. 2012ರಲ್ಲಿ ಹ್ಯೂಸ್ಟನ್ನಿನ ಯಹೂದಿ ಶಾಲೆಯಾದ ಬೆರೆನ್ ಅಕಾಡೆಮಿಯ ಹುಡುಗರು ಟೆಕ್ಸಾಸಿನ ಖಾಸಗಿ ಶಾಲೆಗಳ ಬಾಸ್ಕೆಟ್‌ಬಾಲ್ ಸೆಮಿಫೈನಲ್ ತಲುಪಿದರು. ಪಂದ್ಯ ಗೊತ್ತಾದದ್ದು ಶುಕ್ರವಾರ ರಾತ್ರಿಗೆ. ಸಮಯ ಬದಲಿಸಲು ಸಂಘಟಕರು ಮೊದಲು ಒಪ್ಪಲಿಲ್ಲ. ಆಡುವುದಕ್ಕಿಂತ ಪಂದ್ಯವನ್ನೇ ಬಿಟ್ಟುಕೊಡಲು ತಂಡ ಸಿದ್ಧವಾಯಿತು. ಕೆಲವು ಪೋಷಕರು ನ್ಯಾಯಾಲಯದ ಮೊರೆ ಹೊಕ್ಕ ಮೇಲೆ ಪಂದ್ಯ ಮಧ್ಯಾಹ್ನಕ್ಕೆ ಬದಲಾಯಿತು. ಹುಡುಗರು ಅದನ್ನು ಗೆದ್ದರು. ಶನಿವಾರ ರಾತ್ರಿಯ ಫೈನಲ್‌ನಲ್ಲಿ ಅಲ್ಪ ಅಂತರದಿಂದ ಸೋತರು. ಆಡುವ ಆಸೆ ಅಷ್ಟಿದ್ದೂ ಬಿಟ್ಟುಕೊಡಲು ಸಿದ್ಧರಾದ ಆ ಹುಡುಗರ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಪ್ರಶ್ನೆ: ಸಭೆಯೆದುರು ತೋರಾ ಓದುವ ಅವಕಾಶ ಹುಡುಗಿಯರಿಗೆ ಮೊದಲಿನಿಂದಲೂ ಇತ್ತೇ?
— ಪಿಯುಸಿ ವಿದ್ಯಾರ್ಥಿನಿ, ಕುಮಟಾ

ಉತ್ತರ: ಇರಲಿಲ್ಲ. 1922ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ರಬ್ಬಿ (ಯಹೂದಿ ಧರ್ಮಗುರು) ಮೊರ್ದೆಖಾಯ್ ಕಪ್ಲಾನ್ ತಮ್ಮ ಹನ್ನೆರಡರ ಮಗಳು ಜುಡಿತ್‌ಳನ್ನು ಸಭೆಯೆದುರು ಓದಲು ನಿಲ್ಲಿಸಿದರು. ಅಮೆರಿಕದ ಮೊದಲ ಬಾತ್ ಮಿಟ್ಸ್ವಾ (ಹುಡುಗಿ ಧರ್ಮದ ಕಟ್ಟಳೆಗಳಿಗೆ ಬಾಧ್ಯಳಾಗುವ ಸಮಾರಂಭ) ಎಂದು ಅದನ್ನೇ ಗುರುತಿಸುತ್ತಾರೆ. ಆದರೆ ಅವಳಿಗೆ ಸುರುಳಿಯ ಬಳಿ ಜಾಗ ಸಿಗಲಿಲ್ಲ. ತುಸು ದೂರ ನಿಂತು ಅಚ್ಚಾದ ಪುಸ್ತಕದಿಂದ ಓದಿದಳು. ಕಟ್ಟಾ ಸಂಪ್ರದಾಯಸ್ಥರಲ್ಲಿ ಇಂದಿಗೂ ಹುಡುಗಿ ಪುರುಷರ ಸಭೆಯೆದುರು ಸುರುಳಿ ಓದುವುದಿಲ್ಲ. ಉಳಿದ ಅನೇಕ ಸಿನಗಾಗುಗಳಲ್ಲಿ ನಿಮ್ಮ ವಯಸ್ಸಿಗಿಂತ ಚಿಕ್ಕ ಹುಡುಗಿಯರು ಅದೇ ಸುರುಳಿಯ ಮುಂದೆ ನಿಂತು, ಬೆಳ್ಳಿಯ ಕಡ್ಡಿ ಹಿಡಿದು ಓದುತ್ತಾರೆ.