ಒಂದೇ ಮಂಡಿ 8 ತಿಂಗಳಿಂದ ಊದಿದೆ, ಮೆಥೊಟ್ರೆಕ್ಸೇಟ್‌ಗೆ ಬಗ್ಗುತ್ತಿಲ್ಲ. ಬಯೋಲಾಜಿಕ್ ಇಂಜೆಕ್ಷನ್ ಶುರು ಮಾಡಬಹುದಾ?

ಈಗಲೇ ಬೇಡ. ಮೆಥೊಟ್ರೆಕ್ಸೇಟ್ ಆಗಲಿ, ಬಯೋಲಾಜಿಕ್ ಆಗಲಿ, ರೋಗನಿರೋಧಕ ಶಕ್ತಿಯನ್ನು ತಗ್ಗಿಸಿ ಕೀಲಿನ ಊತ ಇಳಿಸುವ ಔಷಧಗಳು; ಮಂಡಿಯೊಳಗೆ ಸೋಂಕಿದ್ದರೆ ಅದು ಹೆಚ್ಚಬಹುದು. "ಒಂದೇ ಮಂಡಿ" ಅಂತ ಓದುತ್ತಿದ್ದಂತೆ ನನ್ನ ಎಡಗಾಲು ಚುರುಕ್ಕೆಂದಿತು.

ನನ್ನದೂ ಹೀಗೇ. ಜ್ವರ ಇಲ್ಲ, ಕೆಂಪಗಾಗಿದ್ದೂ ಇಲ್ಲ, ಬರೀ ಊತ, ಬೆಳಿಗ್ಗೆ ಬಿಗಿತ. ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ ಎರಡೂ (ಸಂಧಿವಾತ ಪತ್ತೆಗೆ ಮಾಡುವ ರಕ್ತಪರೀಕ್ಷೆಗಳು) ನೆಗೆಟಿವ್. ಸಿರೋನೆಗೆಟಿವ್ ಆರ್ಥ್ರೈಟಿಸ್, ಅಂದರೆ ಆ ರಕ್ತಪರೀಕ್ಷೆಗಳಲ್ಲಿ ಕಾಣದ ಸಂಧಿವಾತ ಅಂದರು. ಮಂಡಿಯೊಳಗೆ ಸ್ಟೀರಾಯ್ಡ್ ಕೊಟ್ಟರು. 10 ದಿನ ಹಾಯಾಗಿತ್ತು, ಆಮೇಲೆ ಮೊದಲಿಗಿಂತ ದಪ್ಪ ಊದಿತು. ನಾಚಿಕೆಯಿಲ್ಲದೆ ಇನ್ನೊಂದು ಹಾಕಿಸಿಕೊಂಡೆ.

ಆದರೆ ನನ್ನನ್ನು ಕೆಡಿಸಿದ್ದು ಇಂಜೆಕ್ಷನ್ ಒಂದೇ ಅಲ್ಲ, ಒಂದು ಹಾಳೆ. ಮೊದಲ ಸಲ ಮಂಡಿಯ ನೀರು ತೆಗೆದಾಗ, ಅದರಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡಲು ಕಲ್ಚರ್‌ಗೆ ಕಳಿಸಿದ್ದರು. 5ನೇ ದಿನ ರಿಪೋರ್ಟ್ ಬಂತು: "ನೋ ಗ್ರೋತ್". ನಾನು ಅದನ್ನು "ಸೋಂಕಿಲ್ಲ" ಅಂತ ಓದಿಕೊಂಡೆ. ಅದರ ಅರ್ಥ ಅದಲ್ಲ. 5 ದಿನ ಕಾದೆವು, ಅಷ್ಟರಲ್ಲಿ ಏನೂ ಬೆಳೆಯಲಿಲ್ಲ ಅಂತ, ಅಷ್ಟೇ. ಫಂಗಸ್ ನಿಧಾನದ ಪ್ರಾಣಿ, ಕೆಲವಕ್ಕೆ 4 ವಾರ ಬೇಕು. ಚೀಟಿಯಲ್ಲಿ "ಫಂಗಲ್ ಕಲ್ಚರ್" ಅಂತ ಬೇರೆಯಾಗಿ ಬರೆಯದಿದ್ದರೆ ಲ್ಯಾಬ್‌ನವರು ಅಷ್ಟು ದಿನ ಇಟ್ಟುಕೊಳ್ಳುವುದಿಲ್ಲ. ಎರಡನೇ ಡಾಕ್ಟರು "ಇನ್ನೊಮ್ಮೆ ನೀರು ತೆಗೆದು ನೋಡೋಣವಾ?" ಅಂತ ಕೇಳಿಯೇ ಕೇಳಿದರು. ನಾನೇ ಫೈಲು ಬಿಚ್ಚಿ, "ಆಗಿದೆ ಡಾಕ್ಟ್ರೇ, ಇನ್ಫೆಕ್ಷನ್ ಇಲ್ಲ" ಅಂದೆ. ಆ ಜಾಣತನಕ್ಕೆ 7 ತಿಂಗಳು ಹೋಯಿತು.

ಕೊನೆಗೆ ಆರ್ಥ್ರೋಸ್ಕೋಪಿ ಮಾಡಿ (ಮಂಡಿಯೊಳಗೆ ಸಣ್ಣ ಕ್ಯಾಮೆರಾ ತೂರಿಸಿ), ಕೀಲಿನ ಒಳಪೊರೆಯ ಚೂರು ತೆಗೆದು ಕಳಿಸಿದರು. 3ನೇ ವಾರ ಸ್ಪೊರೊಥ್ರಿಕ್ಸ್ ಬೆಳೆಯಿತು. ಮಣ್ಣು, ಮುಳ್ಳುಗಿಡಗಳಲ್ಲಿ ಇರುವ ಫಂಗಸ್. ಗಿಡ ಕತ್ತರಿಸಲು ಮಂಡಿಯೂರಿದ್ದಾಗ ಮುಳ್ಳು ನಾಟಿದ್ದು ಆಗ ನೆನಪಾಯಿತು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಇಟ್ರಾಕೊನಜೋಲ್ 200 ಮಿ.ಗ್ರಾಂ ದಿನಕ್ಕೆರಡು ಸಲ, ಒಂದು ವರ್ಷ. ಕ್ಯಾಪ್ಸೂಲ್ ಊಟದ ಜೊತೆಗೇ ನುಂಗಬೇಕು, ಆ್ಯಸಿಡಿಟಿ ಮಾತ್ರೆ ಜೊತೆಗಿದ್ದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಡುನಡುವೆ ಲಿವರ್ ಟೆಸ್ಟ್. ಫಂಗಸ್ ಹೋಯಿತು. ಸವೆದ ಕಾರ್ಟಿಲೇಜ್ ವಾಪಸ್ ಬರಲಿಲ್ಲ, ಮಂಡಿ ಪೂರ್ತಿ ಮಡಚಲು ಆಗುವುದಿಲ್ಲ.

ಹಾಗಾಗಿ ಇಂಜೆಕ್ಷನ್ ಶುರು ಮಾಡಬಹುದಾ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಇದು ಸೋಂಕಲ್ಲ, ಸಂಧಿವಾತದ ಆರ್ಥ್ರೈಟಿಸ್ಸೇ ಅಂತ ಖಚಿತವಾಗಿದ್ದು ಯಾವುದರಿಂದ? ಬಯೋಲಾಜಿಕ್‌ಗೆ ಮುಂಚೆ ಟಿಬಿ ಪರೀಕ್ಷೆ ಮಾಡಿಸುತ್ತಾರೆ, ಅದು ಸರಿ ಬಂದ ಮಾತ್ರಕ್ಕೆ ಮಂಡಿಯಲ್ಲಿ ಫಂಗಸ್ ಇಲ್ಲ ಅಂತಲ್ಲ. ಈಗಿನ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಫಂಗಲ್ ಮತ್ತು ಟಿಬಿ ಕಲ್ಚರ್, ಬೇಕಾದರೆ ಒಳಪೊರೆಯ ಬಯಾಪ್ಸಿ ಆಗಬೇಕು ಅಂತ ಪಟ್ಟು ಹಿಡಿಯಿರಿ. ನಿಮ್ಮದು ನಿಜಕ್ಕೂ ಆರ್ಥ್ರೈಟಿಸ್ಸೇ ಆಗಿದ್ದರೆ ಒಂದೆರಡು ತಿಂಗಳು ತಡ, ಅಷ್ಟೇ. ರಿಪೋರ್ಟಿನಲ್ಲಿ "ನೋ ಗ್ರೋತ್" ಅಂತ ಬಂದರೆ, ಎಷ್ಟು ದಿನ ಕಾದು ಬರೆದಿದ್ದು ಅಂತ ಲ್ಯಾಬ್‌ಗೇ ಫೋನ್ ಮಾಡಿ ಕೇಳಿ.