ರಾಯರು ಎಂಥವರು ಅಂತ ನೀವೇ ಹೇಳಬೇಡಿ

ಮಲ್ಲೇಶ್ವರದ ಓದುಗರೊಬ್ಬರ ಪತ್ರ: "ಪಾತ್ರವನ್ನು ಕಾಣಿಸಿಲ್ಲ ಅಂತ ನನ್ನ ಕಥೆ ವಾಪಸ್ ಕಳಿಸಿದ್ದೀರಿ. ಮನೆ ಮಾಲೀಕ ರಾಯರು ಮೇಲೆ ಸಜ್ಜನ, ಒಳಗೆ ಸಣ್ಣ ಮನಸ್ಸಿನವರು ಅಂತ ಮೊದಲ ಪ್ಯಾರಾದಲ್ಲೇ ಬರೆದಿದ್ದೇನಲ್ಲ?"

ಸಂಪಾದಕರ ಉತ್ತರ: ಬರೆದಿದ್ದೀರಿ. ಆದರೆ ಮೊದಲೇ ತೀರ್ಪು ಕೊಟ್ಟುಬಿಟ್ಟರೆ ಓದುಗರಿಗೆ ಇನ್ನೇನು ಕೆಲಸ ಉಳಿಯಿತು?

ನಿಮ್ಮ ಮೂರನೇ ಪುಟ ನೋಡಿ. ಮನೆ ನೋಡಲು ಬಂದ ಹುಡುಗನಿಗೆ ರಾಯರು, "ನಾವು ಅದೆಲ್ಲ ನೋಡಲ್ಲಪ್ಪ. ಸುಮ್ನೆ ಕೇಳ್ದೆ, ನೀವು ವೆಜ್ ತಾನೆ?" ಅನ್ನುತ್ತಾರೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದಕ್ಕೆ ಟಿಪ್ಪಣಿ ಬೇಕಾ? ಹುಡುಗ "ಹೌದು ಸಾರ್" ಅಂದವನೇ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನೋಡುತ್ತಾನೆ. ಅವನು ಹೇಳಿದ್ದು ಸುಳ್ಳು ಅಂತ ನನಗೆ ಅಲ್ಲೇ ಗೊತ್ತಾಯಿತು. ಇಷ್ಟು ಚೆನ್ನಾಗಿ ಬರೆದು, ಕೆಳಗೆ "ರಾಯರದು ಇಬ್ಬಗೆಯ ಸ್ವಭಾವ" ಅಂತ ಸೇರಿಸಿದ್ದೀರಿ! ಅದನ್ನು ಹೊಡೆದುಹಾಕಿ. ಮೊದಲ ಪ್ಯಾರಾವನ್ನೂ.

ವಿವೇಕ ಶಾನಭಾಗರ ಕಿರುಕಾದಂಬರಿ ‘ಘಾಚರ್ ಘೋಚರ್’ (2013) ಓದಿದ್ದೀರಾ? ಅದೂ ಬೆಂಗಳೂರಿನ ಕಥೆಯೇ. ಕಥೆ ಹೇಳುವವನ ಚಿಕ್ಕಪ್ಪನನ್ನು ಹುಡುಕಿಕೊಂಡು, ಅವನಿಗೆಂದು ಡಬ್ಬಿಯಲ್ಲಿ ಅಡುಗೆ ತಂದ ಹೆಂಗಸೊಬ್ಬಳು ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಬಾಯಿಗೆ ಬಂದಂತೆ ಬೈದು ಓಡಿಸುತ್ತಾರೆ. ಮನೆ ನಡೆಯುವುದು ಚಿಕ್ಕಪ್ಪನ ದುಡಿಮೆಯಿಂದ. ಕಥೆ ಹೇಳುವವನೂ ಅಲ್ಲೇ ಇದ್ದಾನೆ, ತಡೆಯುವುದಿಲ್ಲ. ಅವನು ಎಂಥವನು ಅಂತ ಆಮೇಲೆ ಯಾರೂ ನಮಗೆ ವಿವರಿಸಬೇಕಿಲ್ಲ. ಕುಟುಂಬದ ಬಗ್ಗೆ ಹೇಳುತ್ತಾ ಹೇಳುತ್ತಾ ಅವನು ತನ್ನನ್ನೇ ಬಿಟ್ಟುಕೊಡುತ್ತಾನೆ.

ಹಾಗಂತ ಎಲ್ಲವನ್ನೂ ಕಾಣಿಸಲು ಹೊರಡಬೇಡಿ. ಎರಡು ವರ್ಷ ಬಾಡಿಗೆ ಏರಲಿಲ್ಲ ಅನ್ನುವುದಕ್ಕೆ ಒಂದು ಸಾಲು ಸಾಕು. ಅಂಗಿಯ ಬಣ್ಣ, ಕನ್ನಡಕದ ಫ್ರೇಮು ಅಂತ ತುಂಬಿಸಿದರೂ ಪಾತ್ರ ಆಗುವುದಿಲ್ಲ. ನಮಗೆ ಬರುವ ಕಥೆಗಳಲ್ಲಿ ನಾಯಕಿಯರಿಗೆಲ್ಲ ಬೊಗಸೆ ಕಣ್ಣು. ಒಬ್ಬಳ ಸ್ವಭಾವವಾದರೂ ತಿಳಿದರೆ ಕೇಳಿ.

ಇನ್ನೊಂದು. ನಿಮಗೆ ರಾಯರ ಮೇಲೆ ಸ್ವಲ್ಪ ಕೋಪ ಜಾಸ್ತಿ, ಅಲ್ವಾ? ಅವರ ಕೈಲೂ ಒಂದು ಒಳ್ಳೆ ಕೆಲಸ ಮಾಡಿಸಿ, ಆದರೆ ಅವರ ರೀತಿಯಲ್ಲೇ. ಹುಡುಗನಿಗೆ ಜ್ವರ ಬಂದಾಗ ಬಿಸಿ ಗಂಜಿ ತಂದು ಮೆಟ್ಟಿಲ ಮೇಲಿಟ್ಟು, "ಪಾತ್ರೆ ತೊಳೆದು ಇಲ್ಲೇ ಇಡಪ್ಪ, ಒಳಗೆ ತರ್ಬೇಡ" ಅಂತ ಕೂಗಿ ಹೋಗಲಿ. ಓದಿದವರು ರಾಯರ ಬಗ್ಗೆ ಜಗಳ ಆಡಿಕೊಳ್ಳಲಿ, ನೀವು ಮಧ್ಯೆ ಹೋಗಬೇಡಿ.

ತಿದ್ದಿ ಮತ್ತೆ ಕಳಿಸಿ. ಎರಡು ಪುಟವಾದರೂ ಕಡಿಮೆ ಆಗುತ್ತದೆ, ಜಾಗದ ಗಲಾಟೆ ನಮಗೂ ತಪ್ಪುತ್ತದೆ.