ವಿಮಾನ ತಡವಾದರೆ ಯಾರನ್ನು ಬೈಯಬೇಕು?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ವಿಮಾನಗಳ ಕಡ್ಡಾಯ ತಪಾಸಣೆ ಮತ್ತು ದುರಸ್ತಿಯ ಬಗ್ಗೆ ಕಲ್ಯಾಣ ಕರ್ನಾಟಕದ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಉತ್ತರಿಸಿದವರು ಕಲಬುರಗಿಯವರು. ಬಹುಕಾಲ ವಿಮಾನ ನಿರ್ವಹಣಾ ಎಂಜಿನಿಯರ್ ಆಗಿ ದುಡಿದು ನಿವೃತ್ತರಾಗಿದ್ದಾರೆ.

ಪ್ರಶ್ನೆ: 2025ರ ನವೆಂಬರ್ ಕೊನೆಯಲ್ಲಿ ದೆಹಲಿಯ ಮಗಳ ಮನೆಗೆ ಹೊರಟಿದ್ದೆ. ರಾತ್ರಿಯೇ ಕಾರು ಮಾಡಿಕೊಂಡು ಹೈದರಾಬಾದ್ ತಲುಪಿದರೆ, ‘ಕಡ್ಡಾಯ ತಪಾಸಣೆ’ ಎಂದು ಐದು ಗಂಟೆ ಕೂರಿಸಿದರು. ಹಿಂದಿನ ದಿನ ಚೆನ್ನಾಗಿಯೇ ಹಾರಿದ ವಿಮಾನ ಬೆಳಗಾಗುವಷ್ಟರಲ್ಲಿ ಹೇಗೆ ಕೆಟ್ಟಿತು? ಇದು ಕಂಪನಿಯ ನೆಪವಲ್ಲವೇ?
– ನಿವೃತ್ತ ಶಿಕ್ಷಕರು, ಕಲಬುರಗಿ

ಉತ್ತರ: ಮಾಸ್ತರರೇ, ನೆಪಗಳನ್ನು ನಾನೂ ಬೇಕಾದಷ್ಟು ಕೇಳಿದ್ದೇನೆ. ‘ತಾಂತ್ರಿಕ ಕಾರಣ’ ಎಂಬ ಎರಡು ಪದಗಳ ಹಿಂದೆ ಪೈಲಟ್ ಸಿಗದೇ ಹೋದದ್ದೂ ಅಡಗಿರುತ್ತದೆ. ಆದರೆ ಆ ವಾರಾಂತ್ಯದ ಮಟ್ಟಿಗೆ ನಿಮಗೆ ಯಾರೂ ಸುಳ್ಳು ಹೇಳಿರಲಿಕ್ಕಿಲ್ಲ.

ಆದದ್ದು ಇಷ್ಟು. 2025ರ ಅಕ್ಟೋಬರ್ 30ರಂದು ಮೆಕ್ಸಿಕೊದ ಕಾನ್‌ಕೂನ್‌ನಿಂದ ಅಮೆರಿಕದ ನ್ಯೂವಾರ್ಕ್‌ಗೆ ಹೊರಟಿದ್ದ ಏರ್‌ಬಸ್ ಎ320 ವಿಮಾನವೊಂದು, ಪೈಲಟ್ ಏನೂ ಮಾಡದಿದ್ದರೂ ಏಕಾಏಕಿ ಮೂತಿ ತಗ್ಗಿಸಿ ಕೆಳಗಿಳಿಯಿತು. ಹಲವರಿಗೆ ಗಾಯಗಳಾದವು. ವಿಮಾನವನ್ನು ಟ್ಯಾಂಪಾದಲ್ಲಿ ಇಳಿಸಬೇಕಾಯಿತು. ಹುಡುಕುತ್ತಾ ಹೋದಾಗ ಅನುಮಾನ ಬಂದು ನಿಂತದ್ದು ‘ಎಲಾಕ್’ ಎಂಬ ಕಂಪ್ಯೂಟರಿನ ಮೇಲೆ. ಪೈಲಟ್ ಕೈಯಲ್ಲಿನ ಕೋಲಿನ ಚಲನೆಯನ್ನು ರೆಕ್ಕೆ ಮತ್ತು ಬಾಲದ ಹಲಗೆಗಳಿಗೆ ದಾಟಿಸುವುದು ಅದರ ಕೆಲಸ. ಅದರ ಹೊಸ ತಂತ್ರಾಂಶ ಇರುವಾಗ ಸೂರ್ಯನಿಂದ ಬರುವ ತೀವ್ರ ವಿಕಿರಣ ಅದರೊಳಗಿನ ದತ್ತಾಂಶವನ್ನು ಕೆಡಿಸಬಹುದು ಎಂದು ಏರ್‌ಬಸ್ ನವೆಂಬರ್ 28ರ ಶುಕ್ರವಾರ ಪ್ರಕಟಿಸಿತು. ಐರೋಪ್ಯ ಸುರಕ್ಷತಾ ಸಂಸ್ಥೆ ಕೂಡಲೇ ತುರ್ತು ಆದೇಶ ಹೊರಡಿಸಿತು. ಜಗತ್ತಿನಲ್ಲಿ ಸುಮಾರು 6,000 ವಿಮಾನಗಳು ಅದರ ಬಲೆಗೆ ಬಿದ್ದವು, ನಮ್ಮ ದೇಶದಲ್ಲಿ 338. ಹೆಚ್ಚಿನವುಗಳಿಗೆ ಹಳೆಯ ತಂತ್ರಾಂಶವನ್ನೇ ಮತ್ತೆ ತುಂಬಿದರೆ ಸಾಕಿತ್ತು, ಎರಡು ಮೂರು ಗಂಟೆಯ ಕೆಲಸ. ಕೆಲವಕ್ಕೆ ಕಂಪ್ಯೂಟರನ್ನೇ ಬದಲಿಸಬೇಕಿತ್ತು. ಒಂದು ವಿಮಾನಕ್ಕೆ ಎರಡು ಗಂಟೆ ಎಂದರೆ ಏನೂ ಅಲ್ಲ. ಒಂದೇ ನಿಲ್ದಾಣದಲ್ಲಿ ಹತ್ತಾರು ವಿಮಾನಗಳು ಸಾಲಾಗಿ ನಿಂತು, ಸಹಿ ಹಾಕಬಲ್ಲ ಎಂಜಿನಿಯರ್‌ಗಳು ಬೆರಳೆಣಿಕೆಯಷ್ಟಿದ್ದರೆ ನಿಮ್ಮ ಐದು ಗಂಟೆಯ ಲೆಕ್ಕ ತಾನಾಗಿಯೇ ಸಿಗುತ್ತದೆ. ರಾತ್ರೋರಾತ್ರಿ ಬದಲಾದದ್ದು ವಿಮಾನದ ಬಗ್ಗೆ ನಮಗಿದ್ದ ತಿಳಿವಳಿಕೆ.

ಇಂಥ ಆದೇಶದ ಪೂರ್ತಿ ಹೆಸರು ಏರ್‌ವರ್ದಿನೆಸ್ ಡೈರೆಕ್ಟಿವ್, ಅಂದರೆ ಹಾರಾಟ ಯೋಗ್ಯತೆಯ ಆದೇಶ. ವಿಮಾನ ದುರಸ್ತಿಯ ಶೆಡ್ಡಾದ ಹ್ಯಾಂಗರಿನಲ್ಲಿ ಎಲ್ಲರ ಬಾಯಲ್ಲೂ ‘ಎಡಿ’. ವಿಮಾನ ಯಾವ ದೇಶದಲ್ಲಿ ವಿನ್ಯಾಸಗೊಂಡಿತೋ ಆ ದೇಶದ ಪ್ರಾಧಿಕಾರ ಅದನ್ನು ಹೊರಡಿಸುತ್ತದೆ. ಬೋಯಿಂಗ್‌ಗೆ ಅಮೆರಿಕದ್ದು, ಏರ್‌ಬಸ್‌ಗೆ ಯುರೋಪಿನದು, ಕಲಬುರಗಿ ಮತ್ತು ಬೀದರ್‌ನಲ್ಲಿ ಬಂದಿಳಿದ ಎಂಬ್ರೇಯರ್ ಜೆಟ್‌ಗಳಿಗೆ ಬ್ರೆಜಿಲ್‌ನದು. ನಮ್ಮಲ್ಲಿ ಅದನ್ನು ಜಾರಿ ಮಾಡಿಸುವವರು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಪ್ರತಿ ಎಡಿಯಲ್ಲೂ ಗಡುವು ಇರುತ್ತದೆ. ಒಂದರಲ್ಲಿ ‘ಮುಂದಿನ ಹಾರಾಟಕ್ಕೆ ಮುನ್ನ’, ಇನ್ನೊಂದರಲ್ಲಿ ಇಷ್ಟು ಗಂಟೆ ಅಥವಾ ಇಷ್ಟು ತಿಂಗಳೊಳಗೆ. ಗಡುವು ಮೀರಿದ ಕ್ಷಣದಿಂದ ಆ ವಿಮಾನ ಹಾರಲು ಯೋಗ್ಯವಲ್ಲ. ಎಷ್ಟೇ ಒತ್ತಡ ಬಂದರೂ ಎಂಜಿನಿಯರ್ ಸಹಿ ಹಾಕುವಂತಿಲ್ಲ.

ನೀವು ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ತಕರಾರು ಇರುವುದು ಅಲ್ಲಿ. ಎಲ್ಲ ಎಚ್ಚರಿಕೆಗಳೂ ಎಡಿ ಆಗುವುದಿಲ್ಲ. ತಯಾರಕರು ಸರ್ವಿಸ್ ಬುಲೆಟಿನ್ ಕಳಿಸುತ್ತಾರೆ, ಪ್ರಾಧಿಕಾರ ‘ಸಲಹೆ’ ಕೊಡುತ್ತದೆ. ಅವು ಕಡ್ಡಾಯವಲ್ಲ. 2018ರಲ್ಲಿ ಅಮೆರಿಕದ ಪ್ರಾಧಿಕಾರ, ಕೆಲವು ಬೋಯಿಂಗ್ ವಿಮಾನಗಳ ಇಂಧನ ಸ್ವಿಚ್‌ಗಳು ತಾವಾಗಿ ಜಾರದಂತೆ ಹಿಡಿಯುವ ಲಾಕ್ ಸರಿಯಿದೆಯೇ ನೋಡಿ ಎಂದು ಸಲಹೆ ನೀಡಿತ್ತು. 2025ರ ಜೂನ್ 12ರ ಅಹಮದಾಬಾದ್‌ನ ಬೋಯಿಂಗ್ ವಿಮಾನ ದುರಂತದ ಪ್ರಾಥಮಿಕ ವರದಿಯಲ್ಲಿ, ಅದು ಬರೀ ಸಲಹೆಯಾಗಿದ್ದರಿಂದ ಆ ತಪಾಸಣೆ ನಡೆದಿರಲಿಲ್ಲ ಎಂಬ ಸಾಲಿದೆ. ದುರಂತಕ್ಕೆ ಅದೇ ಕಾರಣ ಎಂದು ವರದಿ ಹೇಳಿಲ್ಲ, ನಾನೂ ಹೇಳುತ್ತಿಲ್ಲ. ಆದರೆ ವರದಿ ಬಂದ ಬೆನ್ನಿಗೇ ಡಿಜಿಸಿಎ ಅದೇ ತಪಾಸಣೆಯನ್ನು ಜುಲೈ 21ರೊಳಗೆ ಮುಗಿಸಿ ಎಂದು ಆದೇಶಿಸಿತು. ಏಳು ವರ್ಷ ಕಾದಿದ್ದ ಕೆಲಸಕ್ಕೆ ಒಂದು ವಾರ ಸಾಕಾಯಿತು. ಕಡ್ಡಾಯ ತಪಾಸಣೆಯಿಂದ ತಡವಾದರೆ ನನಗೆ ಸಿಟ್ಟು ಬರುವುದಿಲ್ಲ. ‘ನೋಡೋಣ’ ಎಂದು ಕಪಾಟಿನಲ್ಲಿಟ್ಟ ಸಲಹೆಯ ಕಾಗದ ಕಂಡರೆ ಬರುತ್ತದೆ.

ಪ್ರಶ್ನೆ: ನಾವು ಬಿದ್ರಿ ಕೆಲಸದವರು. ಎರಕದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬೆಳ್ಳಿ ಕೂರಿಸದೆ ಮತ್ತೆ ಕರಗಿಸುತ್ತೇವೆ. ಮೊನ್ನೆ ವಿಮಾನದ ಕಿಟಕಿಯಿಂದ ನೋಡಿದರೆ ರೆಕ್ಕೆಗೆ ಬೆಳ್ಳಿ ಬಣ್ಣದ ಟೇಪ್ ಅಂಟಿಸಿದ್ದರು! ಇಳಿಯುವವರೆಗೂ ಅದನ್ನೇ ನೋಡುತ್ತಾ ಕೂತಿದ್ದೆ.
– ಕುಶಲಕರ್ಮಿ, ಬೀದರ್

ಉತ್ತರ: ನಿಮ್ಮ ಕಣ್ಣು ಕಸುಬಿನ ಕಣ್ಣು. ಆದರೆ ಆ ಟೇಪಿನ ವಿಷಯದಲ್ಲಿ ನಿಶ್ಚಿಂತೆಯಿಂದಿರಿ. ಅದು ಪೆಟ್ಟಿಗೆ ಕಟ್ಟುವ ಟೇಪ್ ಅಲ್ಲ, ಗಟ್ಟಿ ಅಂಟಿನ ಅಲ್ಯೂಮಿನಿಯಂ ಹಾಳೆ. ನಾವು ‘ಸ್ಪೀಡ್ ಟೇಪ್’ ಎನ್ನುತ್ತೇವೆ. ಬಣ್ಣ ಕಿತ್ತು ಬಂದ ಕಡೆ ಬಿಸಿಲು ತಾಗದಂತೆ, ಸಂದಿಗೆ ತುಂಬಿದ ಅಂಟು ಒಣಗುವವರೆಗೆ ಗಾಳಿ ನುಗ್ಗದಂತೆ ಅದನ್ನು ಹಾಕುತ್ತಾರೆ. ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ, ಹಿಂದಿನಿಂದ ಮುಂದಕ್ಕೆ ಒಂದರ ಮೇಲೊಂದು ಹಂಚು ಹೊದಿಸಿದಂತೆ ಅಂಟಿಸಿ, ಅಂಚನ್ನು ಉಗುರಿಗೂ ಸಿಗದ ಹಾಗೆ ತಿಕ್ಕಬೇಕು. ಅಂಚು ಎದ್ದಿತೆಂದರೆ ಗಾಳಿ ಸುಲಿದು ಹಾಕುತ್ತದೆ. ಭಾರ ಹೊರುವ ಭಾಗದ ಬಿರುಕನ್ನು ಟೇಪಿನಿಂದ ಮುಚ್ಚಲು ಯಾವ ಕೈಪಿಡಿಯೂ ಬಿಡುವುದಿಲ್ಲ. ಎಲ್ಲಿ, ಎಷ್ಟು ಅಳತೆ, ಎಷ್ಟು ದಿನ ಎಂಬುದೆಲ್ಲ ದಾಖಲೆಯಲ್ಲಿರುತ್ತದೆ.

ಹೆದರಬೇಕಾದ ದುರಸ್ತಿ ಕಿಟಕಿಯಿಂದ ಕಾಣುವುದಿಲ್ಲ. 1978ರಲ್ಲಿ ಜಪಾನಿನ ಒಂದು ಬೋಯಿಂಗ್ 747 ಇಳಿಯುವಾಗ ಬಾಲ ನೆಲಕ್ಕೆ ತಾಗಿಸಿಕೊಂಡಿತು. ಒಳಗಿನ ಗಾಳಿಯ ಒತ್ತಡವನ್ನು ತಡೆಯುವ ಹಿಂಬದಿಯ ಗೋಡೆಯನ್ನು ದುರಸ್ತಿ ಮಾಡಿದವರು ಒಂದೇ ತುಂಡಾಗಿ ಕೂರಿಸಬೇಕಿದ್ದ ಜೋಡಣೆಯ ತಗಡನ್ನು ಎರಡಾಗಿ ಕತ್ತರಿಸಿ ಕೂರಿಸಿದರು. ಎರಡು ಸಾಲು ರಿವೆಟ್‌ಗಳು ಹೊರಬೇಕಿದ್ದ ಭಾರ ಒಂದೇ ಸಾಲಿನ ಮೇಲೆ ಬಿತ್ತು. ಮೇಲಿನಿಂದ ನೋಡಿದರೆ ಅಚ್ಚುಕಟ್ಟು ಕೆಲಸವೇ. ಅದು ಹನ್ನೆರಡು ಸಾವಿರಕ್ಕೂ ಹೆಚ್ಚು ಹಾರಾಟ ತಡೆದುಕೊಂಡಿತು. 1985ರ ಆಗಸ್ಟ್ 12ರಂದು ಗೋಡೆ ಒಡೆದು, ಬಾಲ ಹಾರಿಹೋಗಿ, 524 ಮಂದಿಯಲ್ಲಿ 520 ಮಂದಿ ಸತ್ತರು. ಬೆಳ್ಳಿ ಕೂರಿಸಿದ ಮೇಲೆ ಒಳಗಿನ ಬಿರುಕು ಕಾಣುವುದಿಲ್ಲ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಪ್ರಶ್ನೆ: ವಿಮಾನ ಹೊರಡುವ ಮುನ್ನ ‘ಸಣ್ಣ ದೋಷ’ ಎಂದರು. ಒಬ್ಬರು ಬಂದು ಟಾರ್ಚ್ ಹಿಡಿದು ನೋಡಿ, ಪುಸ್ತಕದಲ್ಲಿ ಬರೆದು ಸಹಿ ಹಾಕಿ ಹೋದರು. ಏನನ್ನೂ ದುರಸ್ತಿ ಮಾಡಿದಂತೆ ಕಾಣಲಿಲ್ಲ. ವಿಮಾನ ಹೊರಟೇಬಿಟ್ಟಿತು!
– ಬೇಳೆ ವ್ಯಾಪಾರಿ, ಹುಮನಾಬಾದ್

ಉತ್ತರ: ಮಾಡಿರಲಿಕ್ಕಿಲ್ಲ, ಮತ್ತು ಅದು ನಿಯಮದೊಳಗೇ ಇದೆ. ಏನೇನು ಕೆಟ್ಟಿದ್ದರೂ ಹಾರಬಹುದು, ಎಷ್ಟು ದಿನ, ಯಾವ ಷರತ್ತಿನ ಮೇಲೆ ಎಂಬ ಅನುಮೋದಿತ ಪಟ್ಟಿ ಪ್ರತಿ ಕಂಪನಿಯ ಬಳಿ ಇರುತ್ತದೆ. ಹೆಸರು ಎಂಇಎಲ್. ಕೆಲವು ದೋಷಗಳನ್ನು ಮೂರು ದಿನದೊಳಗೆ ಸರಿಪಡಿಸಬೇಕು, ಕೆಲವನ್ನು ಹತ್ತು ದಿನದೊಳಗೆ, ತೀರಾ ಗೌಣವಾದವನ್ನು 120 ದಿನದೊಳಗೆ. ಬಾಲದಲ್ಲಿರುವ ಸಣ್ಣ ಎಂಜಿನ್ ಕೆಟ್ಟರೂ ಹಾರಬಹುದು, ಆದರೆ ಆಗ ಮುಖ್ಯ ಎಂಜಿನ್ ಶುರು ಮಾಡಲು ನೆಲದ ಮೇಲಿನ ಯಂತ್ರ ಬೇಕು. ಅದಿಲ್ಲದ ಸಣ್ಣ ನಿಲ್ದಾಣಕ್ಕೆ ಅಂಥ ವಿಮಾನವನ್ನು ಕಳಿಸಿದರೆ ಅಲ್ಲೇ ಕೂರುತ್ತದೆ. ಮಿಲ್ಲಿನಲ್ಲಿ ಒಂದು ಜರಡಿ ಕೆಟ್ಟರೆ ಆ ದಿನ ಬೇಳೆ ಒಡೆಯಬಹುದೋ ಇಲ್ಲವೋ ಎಂದು ನೀವು ನಿರ್ಧರಿಸುತ್ತೀರಿ. ನಮ್ಮಲ್ಲಿ ಆ ನಿರ್ಧಾರ ಮೊದಲೇ ಅಚ್ಚಾಗಿರುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಕೆಟ್ಟರೆ ವಿಮಾನ ನಿಂತಲ್ಲೇ ನಿಲ್ಲುತ್ತದೆ. ಪಟ್ಟಿಯ ದುರುಪಯೋಗ ಇಲ್ಲವೇ ಎಂದರೆ, ಗಡುವಿನ ಕೊನೆಯ ದಿನದವರೆಗೂ ತಳ್ಳುವವರನ್ನು ಕಂಡಿದ್ದೇನೆ.

ಪ್ರಶ್ನೆ: ಬಸ್ಸಿಗಾದರೆ ಎಫ್‌ಸಿ ಇದೆ, ಇಷ್ಟು ಕಿಲೋಮೀಟರ್ ಓಡಿದ ಮೇಲೆ ಗುಜರಿಗೆ ಹಾಕುತ್ತಾರೆ. ಇಪ್ಪತ್ತು ವರ್ಷ ಹಳೆಯ ವಿಮಾನದಲ್ಲಿ ಕೂರಬಹುದೇ? ವಿಮಾನದಲ್ಲಿ ಏನಾದರೂ ವಿಚಿತ್ರವಾಗಿ ಕಂಡರೆ ನಮ್ಮಂಥವರು ಹೇಳಬಹುದೇ?
– ಸಾರಿಗೆ ನಿಗಮದ ನಿವೃತ್ತ ಚಾಲಕರು, ಯಾದಗಿರಿ

ಉತ್ತರ: ಎರಡೂ ಪ್ರಶ್ನೆಗೆ ಒಂದೇ ವಿಮಾನದ ಕಥೆ ಸಾಕು. ಅದಕ್ಕೆ ಮೊದಲು ಲೆಕ್ಕ. ವಿಮಾನದ ವಯಸ್ಸನ್ನು ನಾವು ವರ್ಷದಿಂದ ಮಾತ್ರ ಎಣಿಸುವುದಿಲ್ಲ, ಎಷ್ಟು ಸಲ ಏರಿ ಇಳಿಯಿತು ಎಂದೂ ಎಣಿಸುತ್ತೇವೆ. ಮೇಲೆ ಹೋದಂತೆ ಹೊರಗಿನ ಗಾಳಿ ತೆಳುವಾಗುತ್ತದೆ, ಒಳಗಿನ ಗಾಳಿ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಮೂವತ್ತೇಳು ಸಾವಿರ ಅಡಿಯಲ್ಲಿ ಆ ನೂಕು ಪ್ರತಿ ಚದರ ಮೀಟರಿಗೆ ಐದು ಟನ್‌ಗೂ ಹೆಚ್ಚು. ಇಳಿದಾಗ ಸಡಿಲ, ಏರಿದಾಗ ಬಿಗಿ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಮುರಿಯುವುದು ಹೀಗೆಯೇ. ದಿನಕ್ಕೆ ಎಂಟು ಸಲ ಏರಿಳಿಯುವ ವಿಮಾನ, ದಿನಕ್ಕೆರಡೇ ಸಲ ಸಮುದ್ರ ದಾಟುವ ವಿಮಾನಕ್ಕಿಂತ ಬೇಗ ದಣಿಯುತ್ತದೆ. ಸ್ಟ್ಯಾಂಡಿಗೊಮ್ಮೆ ಕ್ಲಚ್ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1988ರ ಏಪ್ರಿಲ್ 28. ಹವಾಯಿ ದ್ವೀಪಗಳ ನಡುವೆ ಓಡಾಡುತ್ತಿದ್ದ ಅಲೋಹಾ ಸಂಸ್ಥೆಯ ಬೋಯಿಂಗ್ 737. ವಯಸ್ಸು 19, ಆದರೆ 89,680 ಸಲ ಏರಿಳಿದಿತ್ತು. ಆಕಾಶದಲ್ಲೇ ಮುಂಭಾಗದ ಛಾವಣಿ ಕಿತ್ತು ಹಾರಿಹೋಯಿತು. ಗಗನಸಖಿಯೊಬ್ಬರು ಹೊರಗೆಸೆಯಲ್ಪಟ್ಟು ಸತ್ತರು. ಉಳಿದ 94 ಮಂದಿ, ಮುಂಭಾಗದಲ್ಲಿ ತಲೆಯ ಮೇಲೆ ಬರೀ ಆಕಾಶವಿದ್ದ ವಿಮಾನದಲ್ಲಿ ಬಂದಿಳಿದರು. ತಗಡುಗಳು ಒಂದರ ಮೇಲೊಂದು ಸೇರುವ ಜೋಡಣೆಯಲ್ಲಿ ಅಂಟು ಬಿಟ್ಟಿತ್ತು, ರಿವೆಟ್ ರಂಧ್ರಗಳ ಸುತ್ತ ಸಣ್ಣ ಸಣ್ಣ ಬಿರುಕುಗಳು ಬೆಳೆದು ಒಂದಾಗಿದ್ದವು. ನೋವಿನ ಸಂಗತಿಯೆಂದರೆ ಅದರ ಬಗ್ಗೆ 1987ರಲ್ಲೇ ಎಡಿ ಬಂದಿತ್ತು. ತಯಾರಕರು ಎಲ್ಲ ಜೋಡಣೆಗಳನ್ನೂ ನೋಡಿ ಎಂದಿದ್ದರು. ಎಡಿ ಕಡ್ಡಾಯ ಮಾಡಿದ್ದು ಅವುಗಳಲ್ಲಿ ಕೆಲವನ್ನು ಮಾತ್ರ. ಹಳೆಯ ವಿಮಾನಗಳಿಗೆಂದೇ ಬೇರೆ ತಪಾಸಣಾ ವ್ಯವಸ್ಥೆ ಬಂದದ್ದು ಆ ಘಟನೆಯ ನಂತರ.

ಆ ಬಿರುಕು ಹುಡುಕುವ ಕೆಲಸವನ್ನು ನಾನೂ ಮಾಡಿದ್ದೇನೆ. ನಿಮ್ಮ ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲವಿದ್ದರೆ ಗಮನಿಸಿ. ಒರೆಸಿದ ನೀರು ಆರಿದ ಮೇಲೂ ಕಲ್ಲಿನಲ್ಲಿ ಎಳೆಬಿರುಕು ಇದ್ದರೆ ಅಲ್ಲೊಂದು ಕಪ್ಪು ಗೆರೆ ಉಳಿದಿರುತ್ತದೆ. ನಮ್ಮ ಬಣ್ಣದ ಪರೀಕ್ಷೆಯೂ ಅದೇ. ಲೋಹಕ್ಕೆ ಕೆಂಪು ದ್ರವ ಬಳಿದು, ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಬಿರುಕಿನೊಳಗೆ ಇಳಿದ ಕೆಂಪು ಮೆಲ್ಲಗೆ ಮೇಲೇರುತ್ತದೆ. ಇನ್ನೊಂದು ವಿಧಾನದಲ್ಲಿ ಪೆನ್ನಿನಂಥ ಕಡ್ಡಿಯನ್ನು ಪ್ರತಿ ರಿವೆಟ್ ತಲೆಯ ಸುತ್ತ ಆಡಿಸಬೇಕು, ಒಳಗೆ ಬಿರುಕಿದ್ದರೆ ಪರದೆಯ ಗೆರೆ ಜಿಗಿಯುತ್ತದೆ. ಸಾವಿರಾರು ರಿವೆಟ್‌ಗಳು, ಮಧ್ಯರಾತ್ರಿ, ಅಟ್ಟಣಿಗೆಯ ಮೇಲೆ ಕತ್ತು ಓರೆ ಮಾಡಿಕೊಂಡು. ಏಳುನೂರು ಸಲ ಜಿಗಿಯದ ಗೆರೆ ಏಳುನೂರ ಒಂದನೆಯದಕ್ಕೆ ಜಿಗಿದಾಗ ಕಣ್ಣು ಎಚ್ಚರವಾಗಿರಬೇಕು. ಕಾಗದದಲ್ಲಿ ‘ತಪಾಸಣೆ’ ಎಂದು ಒಂದೇ ಪದವಿರುತ್ತದೆ, ಅಷ್ಟೇ.

ಹಾಗಾಗಿ ಇಪ್ಪತ್ತು ವರ್ಷದ ವಿಮಾನದಲ್ಲಿ ಧಾರಾಳವಾಗಿ ಕೂರಿ. ನಿಗದಿಯಂತೆ ದೊಡ್ಡ ತಪಾಸಣೆಗೆ ಹೋದಾಗ ಅದರ ಆಸನ, ನೆಲಹಾಸು, ಒಳಗೋಡೆ ಎಲ್ಲ ಬಿಚ್ಚಿ ಎಲುಬು ನೋಡುತ್ತಾರೆ. ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಆ ದಿನ ಅಲೋಹಾ ವಿಮಾನ ಹತ್ತುವಾಗ ಪ್ರಯಾಣಿಕರೊಬ್ಬರಿಗೆ ಬಾಗಿಲ ಬಳಿ ಬಿರುಕು ಕಂಡಿತ್ತು. ಅವರು ಯಾರಿಗೂ ಹೇಳಲಿಲ್ಲ. ನೀವು ಹೇಳಿ. ನಕ್ಕರೆ ನಗಲಿ.

ಪ್ರಶ್ನೆ: ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ವಿಮಾನ ನಿರ್ವಹಣಾ ಎಂಜಿನಿಯರ್ ಆಗಬೇಕು. ಏನು ಮಾಡಬೇಕು ಸರ್?
– ವಿದ್ಯಾರ್ಥಿನಿ, ಸೇಡಂ

ಉತ್ತರ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬಿಡಬೇಡಮ್ಮ. ಸೇರುವ ಸಂಸ್ಥೆಗೆ ಡಿಜಿಸಿಎ ಮಾನ್ಯತೆ ಇದೆಯೇ ಎಂದು ಹಣ ಕಟ್ಟುವ ಮೊದಲು ಖಚಿತಪಡಿಸಿಕೊ. ಸಂಸ್ಥೆ ಕೊಡುವ ಪ್ರಮಾಣಪತ್ರವೇ ಪರವಾನಗಿ ಎಂದು ನಂಬಿಸುವವರಿದ್ದಾರೆ. ಪರವಾನಗಿ ಕೊಡುವುದು ಡಿಜಿಸಿಎ, ಅದೂ ಅವರ ಪರೀಕ್ಷೆಗಳನ್ನು ಪಾಸು ಮಾಡಿ, ವಿಮಾನದ ಮೇಲೆ ಕೆಲಸ ಮಾಡಿದ ಅನುಭವ ತೋರಿಸಿದ ಮೇಲೆ. ಪರವಾನಗಿಯ ಬಗೆಗಳಲ್ಲಿ ಬಿ1 ಎಂದರೆ ಎಂಜಿನ್ ಮತ್ತು ಮೈಕಟ್ಟು, ಬಿ2 ಎಂದರೆ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್.

ಮೊದಲ ವರ್ಷ ನಿನಗೆ ಯಾರೂ ಎಂಜಿನ್ ಮುಟ್ಟಲು ಬಿಡುವುದಿಲ್ಲ, ಉಪಕರಣ ಎಣಿಸಲು ಹಚ್ಚುತ್ತಾರೆ. ಪ್ರತಿ ಸ್ಪ್ಯಾನರ್‌ಗೂ ಹಲಗೆಯ ಮೇಲೆ ಅದರದೇ ಆಕಾರದ ಗುರುತಿರುತ್ತದೆ. ಪಾಳಿ ಮುಗಿದಾಗ ಒಂದು ಗುರುತು ಖಾಲಿ ಇದ್ದರೂ ವಿಮಾನಕ್ಕೆ ಬಿಡುಗಡೆಯಿಲ್ಲ. ನಾನು ತರಬೇತಿಯಲ್ಲಿದ್ದಾಗ ಒಂದು ರಾತ್ರಿ ಹತ್ತು ಮಿಲಿಮೀಟರ್ ಸಾಕೆಟ್ ಕಾಣೆಯಾಯಿತು. ಎಂಜಿನ್ನಿನ ಹೊದಿಕೆ ಮತ್ತೆ ತೆಗೆದು, ನಾಲ್ಕು ಗಂಟೆ ಎಂಟು ಜನ ಟಾರ್ಚ್ ಹಿಡಿದು ಹುಡುಕಿದೆವು. ಬೆಳಗಿನ ಮೊದಲ ವಿಮಾನ ತಡವಾಯಿತು. ಪ್ರಯಾಣಿಕರಿಗೆ ‘ತಾಂತ್ರಿಕ ಕಾರಣ’ ಎಂದರು. ಸಾಕೆಟ್ ಸಿಕ್ಕಿದ್ದು ನನ್ನ ಪ್ಯಾಂಟಿನ ಹಿಂದಿನ ಕಿಸೆಯಲ್ಲಿ.